ಮುಗಿಲಾಬಾದದ ಬಲದಂಡೆ, ಎಡದಂಡೆ

ವಾಡಿ ಜಂಕ್ಷನ್
12 ಜೂನ್ 1968

ಬಷೀರಾ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹೇಗಿದ್ದೀ ಎಂದು ಕೇಳುವ ಹಕ್ಕು ನನಗೆ ಉಳಿದಿಲ್ಲ. ಅದನ್ನು ಬಿಟ್ಟು ಭೂಗೋಳದ ಒಂದು ಪ್ರಶ್ನೆ ಕೇಳುತ್ತೇನೆ. ಮಳೆಗಾಲದಲ್ಲಿ ಮುಗಿಲಾಬಾದದ ರಾಜಧಾನಿ ಎಲ್ಲಿರುತ್ತಿತ್ತು?

ಬೇಸಿಗೆಯದು ನೆನಪಿದೆ. ಹುಣಸೆಮರದ ನೆರಳು ಎಲ್ಲಿಗೆ ಹೋಗುತ್ತದೋ ರಾಜಧಾನಿ ಅಲ್ಲಿಗೆ ಹೋಗುತ್ತಿತ್ತು. ಬೆಳಿಗ್ಗೆ ಪಶ್ಚಿಮಕ್ಕೆ, ಸಂಜೆ ಪೂರ್ವಕ್ಕೆ. ಮಂತ್ರಿಗಳು ದಫ್ತರು, ಸಿಂಹಾಸನ, ಸೆರೆಮನೆಯ ಕಳ್ಳರನ್ನೆಲ್ಲ ಹೊತ್ತುಕೊಂಡು ನೆರಳಿನ ಹಿಂದೆ ಓಡಬೇಕು. ನಡುಮಧ್ಯಾಹ್ನ ಊರು ಮರದ ಬುಡದಷ್ಟೇ ಆಗಿ, ಎಲ್ಲರೂ ಒಬ್ಬರ ತೊಡೆಯ ಮೇಲೊಬ್ಬರು ಕೂತು ರಾಜ್ಯವಾಳುತ್ತಿದ್ದರು. ಆದರೆ ಮೋಡ ಕವಿದು ನೆರಳೇ ಇಲ್ಲದ ದಿನಗಳಲ್ಲಿ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ. ಅದು ನಿನ್ನ ಪುಸ್ತಕದಲ್ಲಿರಬೇಕು.

ನಕಾಶೆ ನನ್ನ ಬಳಿಯೇ ಇದೆ. ನಾವಿಬ್ಬರೂ ಹನ್ನೆರಡರವರಿದ್ದಾಗ ನಿನ್ನ ಅಬ್ಬಾ ಚಿತ್ತಾಪುರದ ಶಾಲೆಯ ಗೋಡೆಯಿಂದ ಹೈದರಾಬಾದ್ ರಾಜ್ಯದ ನಕಾಶೆ ಇಳಿಸಿದ್ದು ಕಣ್ಣಿಗೆ ಕಟ್ಟಿದಂತಿದೆ. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮರುದಿನ ಅದು. "ಈ ದೇಶ ಮುಗೀತು. ಹಿಂದಿನ ಬಟ್ಟಿ ಇನ್ನೂ ಚಲೋ ಅದ, ನೀವು ತಗೊಳ್ರಿ" ಎಂದು ಸುರುಳಿ ಸುತ್ತಿ ನಮ್ಮ ಕೈಗೆ ಕೊಟ್ಟರು. ಆ ಬೆನ್ನಿನ ಬಟ್ಟೆಯ ಮೇಲೆ ನಾನು ಮುಗಿಲಾಬಾದ ಬಿಡಿಸಿದೆ, ನೀನು ಅದರ ಚರಿತ್ರೆ ಬರೆದೆ. ಯಾರೂ ಬಂದು ಮುಗಿಯಿತು ಎನ್ನಲಾರದ ದೇಶ ಬೇಕಿತ್ತು ನಮಗೆ.

ನನಗೆ ಮಗಳು ಹುಟ್ಟಿದ್ದಾಳೆ. ಏಳು ವಾರ. ನನಗೆ ನಿದ್ದೆ ಇಲ್ಲ. ಎಚ್ಚರವಿದ್ದಷ್ಟು ಹೊತ್ತೂ ಆ ದೇಶದಲ್ಲಿ ಪೂರ್ವದ ಗಡಿಯಿಂದ ನಡೆಯುತ್ತಾ ಬರುತ್ತೇನೆ. ಮಳೆಗಾಲಕ್ಕೆ ಬಂದಾಗ ದಾರಿ ತಪ್ಪುತ್ತದೆ. ಅದಕ್ಕೇ ಕೇಳಿದೆ.

ಗುರು


ಸುಲೇಪೇಟ
30 ಜೂನ್ 1968

ಗುರುಲಿಂಗಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ಚರಿತ್ರೆಯ ಹದಿನಾಲ್ಕನೇ ಪುಟದ ಪ್ರಕಾರ ಮಳೆಗಾಲದಲ್ಲಿ ನೆರಳಿಲ್ಲದ್ದರಿಂದ ಮುಗಿಲಾಬಾದಕ್ಕೆ ರಾಜಧಾನಿಯೂ ಇಲ್ಲ. ಆ ನಾಲ್ಕು ತಿಂಗಳು ಯಾರೂ ಯಾರನ್ನೂ ಆಳತಕ್ಕದ್ದಲ್ಲ.

ಮಗಳು ಹುಟ್ಟಿದ್ದು ಸಂತೋಷ. ಶಾಲೆ ಶುರುವಾಗಿದೆ. ಕೆಲಸ ಬಹಳ.

ಬಷೀರಾ
ಸಹಶಿಕ್ಷಕಿ


ವಾಡಿ
9 ಜುಲೈ 1968

ಬಷೀರಾ,

ನಿನ್ನ ‘ನೀವು’ ನನಗೆ ತಕ್ಕದ್ದೇ. ಆದರೂ ಯಾರೂ ಯಾರನ್ನೂ ಆಳತಕ್ಕದ್ದಲ್ಲ ಎಂಬ ಸಾಲನ್ನು ಓದಿ ನಕ್ಕೆ. ಒಳಗಿನಿಂದ ಅತ್ತೆ ಮಹಾದೇವಮ್ಮ ಎದ್ದು ಬಂದು ನೋಡಿದರು. ನಾನು ನಗುವುದು ಈ ಮನೆಯಲ್ಲಿ ಅಷ್ಟು ಅಪರೂಪವಾಗಿದೆ.

ನಿನ್ನೆ ನಕಾಶೆಯನ್ನು ಹಾಸಿ ಕೂತಿದ್ದೆ. ಉತ್ತರಕ್ಕೆ ಹಿಮದ ಬೆಟ್ಟಗಳು. ಹಿಮ ಎಂದರೆ ಏನೆಂದು ನಮಗೇನು ಗೊತ್ತಿತ್ತು? ರೈಲಿನಲ್ಲಿ ಶಹಾಬಾದ ದಾಟುವಾಗ ಸುಣ್ಣದ ಭಟ್ಟಿಗಳ ಬಿಳಿ ಧೂಳು ಬೇವಿನ ಮರಗಳ ಮೇಲೆ ಕೂತದ್ದನ್ನು ಕಂಡಿದ್ದೆವು. ಅದನ್ನೇ ಬರೆದೆವು. ಮುಗಿಲಾಬಾದದ ಹಿಮ ಮುಟ್ಟಿದರೆ ಸುಡುತ್ತದೆ, ಒದ್ದೆಯಾದರೆ ಹೊಗೆಯಾಡುತ್ತದೆ. ನಡುವೆ ಕಲ್ಲಿನ ಬಯಲು. ಫರಸಿಯಂಥ ಹಾಸುಗಲ್ಲು, ಪದರದ ಮೇಲೆ ಪದರ, ಒಂದೊಂದು ಪದರವೂ ಒಬ್ಬ ರಾಣಿಯ ಕಾಲ. ಅಲ್ಲಿಯ ಮಕ್ಕಳು ಚರಿತ್ರೆ ಕಲಿಯಬೇಕೆಂದರೆ ಶಾಲೆಗೆ ಹೋಗುವುದಿಲ್ಲ, ಹಾರೆ ತೆಗೆದುಕೊಂಡು ಒಂದು ಕಲ್ಲು ಎಬ್ಬಿಸುತ್ತಾರೆ. ಎಬ್ಬಿಸಿದ್ದನ್ನು ಸಂಜೆಯೊಳಗೆ ಮತ್ತೆ ಮುಚ್ಚಬೇಕು, ಇಲ್ಲದಿದ್ದರೆ ಹಳೆಯ ರಾಣಿ ಎದ್ದು ಬಂದು ಹೊಸ ರಾಣಿಯ ಜೊತೆ ಜಗಳಕ್ಕೆ ನಿಲ್ಲುತ್ತಾಳೆ.

ಮತ್ತೆ ಉಲ್ಟಾಹೊಳೆ. ದಖ್ಖನ್ನಿನ ನದಿಗಳು ಪೂರ್ವಕ್ಕೆ ಹರಿಯುತ್ತವೆ ಎಂದು ನಿನ್ನ ಅಬ್ಬಾ ಪಾಠ ಹೇಳಿದಾಗ ನೀನು ಎದ್ದು ನಿಂತು, ನಮ್ಮ ಕಾಗಿಣಾ ಹೊತ್ತು ಮುಳುಗುವ ಕಡೆ ಹೋಗುತ್ತದೆ ಎಂದು ವಾದ ಹಾಕಿದೆ. ಮುಂದಿನ ವಾರ ನಮ್ಮನ್ನೆಲ್ಲ ಮಳಖೇಡಕ್ಕೆ ಕರೆದುಕೊಂಡು ಹೋದರು. ಕೋಟೆಯ ರಾಜರ ಕಥೆ ಅವರು ಹೇಳಿದರೂ ಕೇಳಿದವರು ಯಾರು! ನಾವು ಜೋಳದ ದಂಟನ್ನು ನೀರಿಗೆಸೆದು ನೋಡುತ್ತಿದ್ದೆವು. ಅದು ಪಶ್ಚಿಮಕ್ಕೆ ತೇಲಿತು. ಮಾಸ್ತರರು ದಂಟು ಕಣ್ಮರೆಯಾಗುವವರೆಗೆ ನೋಡಿ, "ಪುಸ್ತಕದಾಗ ಇದರ ಹೆಸರಽ ಇಲ್ಲ. ಅದಕ್ಕ ತನಗ ಬೇಕಾದ ಕಡೀಗಿ ಹೊಂಟದ" ಎಂದರು. ಅಂದೇ ಮುಗಿಲಾಬಾದದ ಹೊಳೆ ಪಶ್ಚಿಮಕ್ಕೆ ಹರಿಯಿತು. ಬಲದಂಡೆ ನನ್ನದು, ಎಡದಂಡೆ ನಿನ್ನದು.

ಇಷ್ಟು ಬರೆದು ಮೂರು ಸಲ ಎದ್ದು ಹೋಗಿ ಬಂದೆ. ನನ್ನ ಬೆರಳನ್ನು ಅವಳ ಮೂಗಿನ ಕೆಳಗೆ ಹಿಡಿಯುತ್ತೇನೆ. ಉಸಿರು ತಗುಲಿದ ಮೇಲೂ, ಅದು ಅವಳದೋ ಕಿಟಕಿಯ ಗಾಳಿಯೋ ಎಂದು ಸಂಶಯ ಬರುತ್ತದೆ. ನನ್ನ ಮೊದಲ ಮಗ ಕಲ್ಯಾಣಿ ಹೋದಾಗ ಅವನಿಗೆ ಮೂರೂವರೆ ತಿಂಗಳು. ಹಾಲು ಕುಡಿದು ಮಲಗಿದ್ದ. ಪಕ್ಕದಲ್ಲಿ ನಾನೂ ನಿದ್ದೆಹೋಗಿದ್ದೆ. ಅಷ್ಟೇ ನಡೆದದ್ದು. ಈ ಮಗಳಿಗೆ ಆಗಸ್ಟ್ ಐದಕ್ಕೆ ಮೂರೂವರೆ ತಿಂಗಳಾಗುತ್ತದೆ.

ಇವಳಿಗೆ ಇನ್ನೂ ಹೆಸರಿಟ್ಟಿಲ್ಲ. ಅತ್ತೆಯ ತವರಿನ ಕಡೆ ಒಂದು ಪದ್ಧತಿ ಇದೆಯಂತೆ. ಮೊದಲ ಕೂಸು ಹೋದವರು ಎರಡನೆಯದನ್ನು ಬೇರೊಬ್ಬಳಿಗೆ ಮಾರಬೇಕು. ಅವಳು ಒಂದು ಮೊರದ ತುಂಬ ತೌಡು ಕೊಟ್ಟು ಕೂಸನ್ನು ಕೊಂಡು, ಉಡಿಯಲ್ಲಿ ಹಾಕಿಕೊಂಡು, ಹೆಸರಿಟ್ಟು, ಆಮೇಲೆ ಸಾಕಲಿಕ್ಕೆ ಅಂತ ಹೆತ್ತವಳಿಗೇ ಮರಳಿ ಕೊಡುತ್ತಾಳೆ. ಸಾವು ತಾಯಿಯನ್ನು ಹುಡುಕಿಕೊಂಡು ಬಂದರೆ ಆ ಮನೆಯಲ್ಲಿ ತಾಯಿಯೇ ಇರುವುದಿಲ್ಲ, ಸಾಕಿದವಳು ಮಾತ್ರ ಇರುತ್ತಾಳೆ. ಬಿ.ಎ. ಓದಿದ ನಾನು ಇದನ್ನು ನಂಬಬೇಕೇ? ಕೊಳ್ಳಲು ಚಿಮ್ಮನಚೋಡದಿಂದ ಅತ್ತೆಯ ತಂಗಿ ಅಮೃತಮ್ಮ ಬರುತ್ತಾರಂತೆ. ಒಂಬತ್ತು ಮಕ್ಕಳ ತಾಯಿ.

ಗುರು


ವಾಡಿ
14 ಆಗಸ್ಟ್ 1968

ಬಷೀರಾ,

ನೀನು ಬರೆಯಲಿಲ್ಲ. ಬರೆಯದಿದ್ದರೂ ನಾನು ಬರೆಯುತ್ತೇನೆ.

ಆಗಸ್ಟ್ ಐದು ಬಂತು, ಹೋಯಿತು. ಮಗಳು ಚೆನ್ನಾಗಿದ್ದಾಳೆ. ಆ ದಿನ ದಾಟಿದರೆ ನಿದ್ದೆ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಭಯ ಆ ತಾರೀಖಿನದಲ್ಲ ಎಂದು ಈಗ ತಿಳಿಯಿತು.

ಹೋದ ವಾರ ಅಮೃತಮ್ಮ ಬಂದರು. ಒಳ್ಳೆಯ ಹೆಂಗಸು. ತೌಡು ತುಂಬಿದ ಮೊರವನ್ನು ಹೊಸ್ತಿಲ ಮುಂದಿಟ್ಟು, ಉಡಿಯೊಡ್ಡಿ, "ಕೊಡವ್ವಾ, ತಡಾ ಮಾಡಬ್ಯಾಡ" ಎಂದರು. ಕೈ ಮುಂದೆ ಬರಲಿಲ್ಲ ಬಷೀರಾ. ಹಿಂದೆ ಸರಿದವಳು ಕೂಸಿನೊಂದಿಗೆ ಒಳಗೆ ಹೋಗಿ ಅಗಳಿ ಹಾಕಿಕೊಂಡೆ. ಸಂಜೆಯವರೆಗೂ ತೆರೆಯಲಿಲ್ಲವಂತೆ. ನನಗೆ ಹತ್ತು ನಿಮಿಷದಂತಿತ್ತು. ಎರಡು ತಿಂಗಳಿಂದ ಅವಳನ್ನು ಯಾರ ಕೈಗೂ ಕೊಟ್ಟಿಲ್ಲ, ನೀರೆರೆಯಲೂ ಅತ್ತೆಗೆ ಬಿಟ್ಟಿಲ್ಲ.

ನನ್ನ ಯಜಮಾನರು ಮಡಿವಾಳಯ್ಯನವರು ಗೂಡ್ಸ್ ಗಾಡಿಯ ಗಾರ್ಡು ಎಂಬುದು ನಿನಗೆ ಗೊತ್ತಲ್ಲ. ಆ ದಿನ ಡ್ಯೂಟಿ ಮುಗಿಸಿ ಬಂದವರು ಬಾಗಿಲ ಹೊರಗೇ ಕೂತಿದ್ದರು. ಸಿಟ್ಟು ಮಾಡಲಿಲ್ಲ. ಮರುದಿನ ಡಾಕ್ಟರರ ಬಳಿ ಕರೆದೊಯ್ದರು. ಹೀಗೇ ನಿದ್ದೆಗೆಟ್ಟರೆ ಹಾಲೂ ಬತ್ತುತ್ತದೆ, ತಲೆಯೂ ನಿಲ್ಲುವುದಿಲ್ಲ ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ಇವರು ನಿಧಾನವಾಗಿ ಹೇಳಿದರು: ದಸರೆಯೊಳಗೆ ನಾನು ಸರಿಯಾಗದಿದ್ದರೆ ಕೂಸನ್ನು ಚಿಮ್ಮನಚೋಡಕ್ಕೆ ಬಿಟ್ಟು ಬರುತ್ತಾರಂತೆ, ಅಮೃತಮ್ಮನ ಸೊಸೆ ಹಾಲೂಡಿಸುತ್ತಾಳಂತೆ. ಮಡಿವಾಳಯ್ಯ ಹೆಚ್ಚು ಮಾತಿನವರಲ್ಲ. ಹೇಳಿದರೆ ಮಾಡುತ್ತಾರೆ.

ಈಗ ಹೇಳಬೇಕಾದ್ದು. ಕಲ್ಯಾಣಿಗೆ ನೀನು ಹೊಲಿದು ಕೊಟ್ಟಿದ್ದ ಕುಂಚಿಗೆ. ಅವನು ಹೋದ ದಿನ ಅದು ಅವನ ತಲೆಯ ಮೇಲಿತ್ತು. ಬರಿ ಉಡಿಯಾಕಿ, ಮಕ್ಕಳಿಲ್ಲದಾಕಿ, ಹೊಲದದ್ದು ಕೂಸಿಗೆ ಹಾಕಬಾರದಿತ್ತು ಎಂದು ಕೇರಿಯ ಹೆಂಗಸರೂ ಅತ್ತೆಯೂ ಅಂದರು. ನಾನು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ. ಅದನ್ನು ಪೇಪರಿನಲ್ಲಿ ಸುತ್ತಿ, ಒಂದು ಸಾಲೂ ಬರೆಯದೆ, ಸುಲೇಪೇಟದ ಬಸ್ಸಿನ ಕಂಡಕ್ಟರನ ಕೈಯಲ್ಲಿ ನಿನಗೆ ಮರಳಿ ಕಳಿಸಿದೆ. ಮಾತು ಅವರದಾದರೂ ಸುತ್ತಿದ ಕೈ ನನ್ನದು. ನನಗೆ ಯಾರ ಮೇಲಾದರೂ ಹಾಕಬೇಕಿತ್ತು. ಪಕ್ಕದಲ್ಲಿ ನಿದ್ದೆ ಮಾಡಿದವಳು ನಾನು ಎಂಬುದನ್ನು ತಪ್ಪಿಸಿಕೊಳ್ಳಬೇಕಿತ್ತು.

ಕ್ಷಮಿಸು ಎಂದು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ.

ಗುರು


ಸುಲೇಪೇಟ
27 ಆಗಸ್ಟ್ 1968

ಗುರು,

ಕಂಡಕ್ಟರು ಪೊಟ್ಟಣ ಕೊಟ್ಟಾಗ ಶಾಲೆಯ ಬಾಗಿಲಲ್ಲಿದ್ದೆ. ಮಡಿಕೆ ನೋಡಿಯೇ ನಿನ್ನ ಕೈ ಅಂತ ಗೊತ್ತಾಯಿತು. ಪತ್ರ ಇರಬಹುದು ಎಂದು ಪೇಪರನ್ನು ಎರಡೂ ಬದಿ ಓದಿದೆ. ಸಿಮೆಂಟಿನ ಜಾಹೀರಾತು, ಹತ್ತಿಯ ದರ. ಅವತ್ತಿನಿಂದ ನಿನ್ನ ಮೇಲೆ ಸಿಟ್ಟಿದೆ. ನೀನು ಬರೆದ ಮೇಲೆ ಕಡಿಮೆಯಾಗಿದೆ, ಹೋಗಿಲ್ಲ. ಸುಳ್ಳು ಬರೆಯಲಾರೆ.

ನೀನು ಅಲ್ಲಿ ಒಂದೇ ಒಂದು ಉಸಿರನ್ನು ದಿನಕ್ಕೆ ಸಾವಿರ ಸಲ ಎಣಿಸುತ್ತಿದ್ದೀ ಎಂದು ಓದಿ ಪುಸ್ತಕ ತೆಗೆದೆ. ಮೂವತ್ತೊಂದನೇ ಪುಟ, ಮುಗಿಲಾಬಾದದ ಜನಗಣತಿಯ ಕಾಯಿದೆ. ನೆನಪಿದೆಯೇ? ನಿನ್ನ ದಂಡೆಯಲ್ಲಿ ಲಕ್ಷ ಜನ ಅಂತ ನೀನು, ನನ್ನಲ್ಲಿ ಎರಡು ಲಕ್ಷ ಅಂತ ನಾನು, ಜಗಳವಾಡಿ ಮಾತು ಬಿಟ್ಟಿದ್ದೆವು. ಅಬ್ಬಾ ಪಂಚಾಯ್ತಿ ಮಾಡಿದರು. ನಾನು ಹಾಗೇ ಬರೆದುಕೊಂಡೆ:

"ಬಲದಂಡೆಯ ಜನರನ್ನು ಎಡದಂಡೆಯವರು ಎಣಿಸತಕ್ಕದ್ದು. ಎಡದಂಡೆಯವರನ್ನು ಬಲದಂಡೆಯವರು. ತಮ್ಮವರನ್ನು ತಾವೇ ಎಣಿಸುವವರು ಒಂದೋ ಆಸೆಯಿಂದ ಹೆಚ್ಚು ಎಣಿಸುತ್ತಾರೆ, ಇಲ್ಲವೇ ಅಂಜಿಕೆಯಿಂದ ಮುಗಿಸುವುದೇ ಇಲ್ಲ."

ಅಬ್ಬಾ ತೀರಿಕೊಂಡು ವರ್ಷವಾಯಿತು. ನಿನಗೆ ತಿಳಿಸಲಿಲ್ಲ.

ಇನ್ನೊಂದು ಮಾತು. ಕಲ್ಯಾಣಿ ಹುಟ್ಟಿದ ಸುದ್ದಿ ಬಂದ ದಿನ ನಾನು ಬಲದಂಡೆಯ ಗಣತಿಯಲ್ಲಿ ಅವನನ್ನು ಬರೆದಿದ್ದೆ. ಇಪ್ಪತ್ತೆರಡು ವರ್ಷದ ಟೀಚರು ಆಟದ ಪುಸ್ತಕದಲ್ಲಿ ಬರೆಯುವುದೇ ಅಂತ ನನ್ನ ಮನೆಯವರು, ಖಾಜಾಮಿಯಾ, ನಕ್ಕರು. ಅವನು ಹೋದಾಗ ಮತ್ತೆ ಪುಸ್ತಕ ತೆಗೆದೆ. ಹೋದ ತಾರೀಖಿಗೆ ಒಂದು ಖಾನೆ ಇದೆ. ಪೆನ್ನು ಹಿಡಿದು ಕೂತು ಹಾಗೇ ಮುಚ್ಚಿದೆ. ಅವನನ್ನು ಹೊಡೆದುಹಾಕಿಲ್ಲ. ಎಣಿಸುವುದು ನನ್ನ ಕೆಲಸ, ಎಣಿಸಿದ್ದೇನೆ. ‘ಕಲ್ಯಾಣಪ್ಪ, ಬಲದಂಡೆ, ಗಂಡು, ದುಂಡು ಮುಖ.’

ಅವನ ಕೆಳಗಿನ ಸಾಲು ಖಾಲಿ ಇದೆ. ಹೆಸರಿಲ್ಲದವರನ್ನು ಹೇಗೆ ಬರೆಯಲಿ?

ಬಷೀರಾ


ವಾಡಿ
8 ಸೆಪ್ಟೆಂಬರ್ 1968

ಬಷೀರಾ,

ಮಾಸ್ತರರ ಸುದ್ದಿ ಓದಿ ನಕಾಶೆಯನ್ನು ಮಗುಚಿ ಹಾಕಿ, ಅವರು ಇಳಿಸಿದ ಹಳೆಯ ದೇಶವನ್ನು ನೋಡುತ್ತ ಕೂತೆ. ನನಗೇಕೆ ತಿಳಿಸಲಿಲ್ಲ ಎಂದು ಕೇಳಲಾರೆ.

ಕಲ್ಯಾಣಿಯ ಹೆಸರನ್ನು ಎರಡು ವರ್ಷದಿಂದ ಈ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ನಾನು ನಿನ್ನ ಆ ಸಾಲನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದರು. ಕೈ ನಿಂತಿತು. "ದುಂಡ ಮುಖ ಖರೇ. ನಮ್ಮಪ್ಪನಂಗ ಇತ್ತು" ಎಂದರು.

ಆಗಲೇ ಅತ್ತೆಗೆ ಹೇಳಿಬಿಟ್ಟೆ. ಕೂಸನ್ನು ಮಾರುವುದಾದರೆ ನಿನಗೇ ಮಾರುತ್ತೇನೆ, ಬೇರೆ ಯಾರಿಗೂ ಕೊಡಲಾರೆ ಎಂದೆ. ಅತ್ತೆ ಹೌಹಾರಿದರು. ಜಂಗಮರ ಮನೆಯ ಕೂಸು, ಮುಸಲರಾಕಿ, ಅದೂ ಬರಿ ಉಡಿಯಾಕಿ, ಕೇರಿಯವರು ಏನೆಂದಾರು, ಎಂದೆಲ್ಲ ಆಯಿತು. ನಾನು ಜಗಳ ಮಾಡಲಿಲ್ಲ. ಅವರ ಪದ್ಧತಿಯನ್ನೇ ಹಿಡಿದುಕೊಂಡು ಹೇಳಿದೆ: "ಅಮೃತಮ್ಮ ಅತ್ತಿ ಒಂಬತ್ತು ಹಡದಾರ, ಆದ್ರ ಎರಡು ಮಣ್ಣಿಗೂ ಕೊಟ್ಟಾರ. ಆ ಮನಿ ದಾರಿ ಸಾವಿಗಿ ಗೊತ್ತದ. ಬಷೀರಾನ ಮನ್ಯಾಗ ತೊಟ್ಟಿಲನ ತೂಗಿಲ್ಲ. ಅಲ್ಲಿ ಕೂಸಿಗಿ ಹುಡುಕ್ಕೊಂಡು ಅದು ಯಾಕ ಹೋಗ್ತದ?"

ಅತ್ತೆ ಜೋಳದ ಮೊರವನ್ನು ಮತ್ತೆ ಎತ್ತಿಕೊಂಡರು. "ಕಾಲೇಜನ್ಯಾಗ ಇದನ್ನೂ ಕಲಿಸ್ತಾರೇನು?" ಎಂದರು. ಬೇಡ ಅನ್ನಲಿಲ್ಲ.

ಆ ಮಾತು ನಿನ್ನ ಉಡಿಯ ಮೇಲೆ ಆಡಿದ ಮಾತೇ ಎಂದು ಆಡಿದ ಮೇಲೆ ಹೊಳೆಯಿತು. ಎರಡು ವರ್ಷದ ಹಿಂದೆ ಅವರು ಆಡಿದ್ದನ್ನೇ ನಾನು ಈಗ ನನ್ನ ಅನುಕೂಲಕ್ಕೆ ತಿರುಗಿಸಿದೆ. ಮುಚ್ಚಿಡಬಾರದು ಎಂದು ಬರೆದಿದ್ದೇನೆ. ಇದನ್ನು ಓದಿಯೂ ಬರುವೆಯಾದರೆ ಬಾ. ದಸರೆಗೆ ಮೂರು ವಾರವಿದೆ.

ಗುರು


ಸುಲೇಪೇಟ
15 ಸೆಪ್ಟೆಂಬರ್ 1968

ಗುರು,

ಪತ್ರ ಓದಿ ಮಡಚಿಟ್ಟೆ. ಎರಡು ದಿನ ಅದರ ಕಡೆ ನೋಡಲಿಲ್ಲ. ತೊಟ್ಟಿಲು ತೂಗಿಲ್ಲ ಎನ್ನುವುದು ನಿಜ. ನಿಜವನ್ನು ಜನ ನನ್ನ ಬೆನ್ನ ಹಿಂದೆ ಆಡುತ್ತಾರೆ. ನೀನು ಆಡಿದ್ದನ್ನು ನನಗೇ ಬರೆದು ಕಳಿಸಿದ್ದೀ. ಅಷ್ಟು ಫರಕು ಇದೆ.

ಶನಿವಾರ ಶಾಲೆ ಬಿಟ್ಟ ಮೇಲೆ ಸೇಡಮಿಗೆ ಬಂದು ಪ್ಯಾಸೆಂಜರು ಹಿಡಿಯುತ್ತೇನೆ. ಸೋಮವಾರಕ್ಕೆ ರಜೆ ಬರೆದಿದ್ದೇನೆ. ತೌಡು ಇಲ್ಲಿಂದಲೇ ತರುತ್ತೇನೆ. ಮಾರುವವರ ಮನೆಯ ತೌಡಿನಿಂದಲೇ ಕೊಂಡರೆ ಅದೆಂಥ ವ್ಯಾಪಾರ?

ಬಷೀರಾ


ವಾಡಿ, ನಿನ್ನ ಅಡುಗೆಮನೆ
22 ಸೆಪ್ಟೆಂಬರ್ 1968, ಭಾನುವಾರ, ಮಧ್ಯಾಹ್ನ

ಗುರು,

ಎದುರಿಗೇ ಇದ್ದವಳಿಗೆ ಪತ್ರ ಬರೆಯುವುದು ಇದೇ ಮೊದಲು. ನೀನು ಎದ್ದು, ನಡೆದದ್ದೆಲ್ಲ ಕನಸೇನೋ ಅಂದುಕೊಂಡರೆ ತೋರಿಸಲು ಇರಲಿ ಎಂದು ಬರೆಯುತ್ತಿದ್ದೇನೆ.

ಇಂದು ಬೆಳಿಗ್ಗೆ ಹತ್ತಕ್ಕೆ ನಿನ್ನ ಅತ್ತೆ ಹೊಸ್ತಿಲಿಗೆ ನೀರು ಹಾಕಿದರು. ನಾನು ಮೊರದ ತುಂಬ ತೌಡು ಇಟ್ಟು ಉಡಿಯೊಡ್ಡಿದೆ. ನಿನ್ನ ಯಜಮಾನರು ಡ್ಯೂಟಿಯ ಕೋಟು ಹಾಕಿಕೊಂಡೇ ನಿಂತಿದ್ದರು. ನೀನು ಕೂಸನ್ನು ನನ್ನ ಉಡಿಯವರೆಗೆ ತಂದೆ. ಆದರೆ ಬಿಡಲಿಲ್ಲ. ನಿನ್ನ ಕೈ ಅವಳ ಕೆಳಗೆ, ನನ್ನ ಕೈ ನಿನ್ನ ಕೈಯ ಕೆಳಗೆ. ಎಷ್ಟು ಹೊತ್ತು ಹಾಗೆ ನಿಂತೆವೋ. ಪಕ್ಕದ ಮನೆಯವರು ಬಂದು ನೋಡಿ ಹೋದರು. ನಾನು ಎಳೆಯಲಿಲ್ಲ. "ಇದು ಬಲದಂಡಿ ಕೂಸು, ಗುರು. ಎಣಸೂದು ನನ್ನ ಕೆಲಸ, ನಿಂದಲ್ಲ" ಎಂದೆ. ನೀನು ನನ್ನ ಮುಖ ನೋಡಿದೆ. "ನಿನಗ ನಿದ್ದಿ ಬಂದ್ರ?" ಎಂದು ಕೇಳಿದೆ. "ಬರಂಗಿಲ್ಲ, ರೈಲಿನಾಗ ಮಾಡೀನಿ" ಎಂದೆ. ಆಮೇಲೆ ನಿನ್ನ ಕೈ ಸಡಿಲವಾಯಿತು.

ಹೆಸರಿಡುವ ಹಕ್ಕು ಕೊಂಡವಳದು. ನಾನು ನಿನ್ನ ಅತ್ತೆಯನ್ನು ಕೇಳಿದೆ, ನಿಮ್ಮ ಮನಸ್ಸಿನಲ್ಲಿ ಯಾವುದಿತ್ತು ಎಂದು. ಎಷ್ಟು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದರೋ, "ಮಾಳಮ್ಮ, ನಮ್ಮವ್ವನ ಹೆಸರು" ಎಂದುಬಿಟ್ಟರು. ನಾನೇ ಕೂಸಿನ ಕಿವಿಯಲ್ಲಿ ಮೂರು ಸಲ ಹೇಳಿದೆ. ಕೂಗಿ ಕರೆಯಲು ಅದೇ ಸುಲಭ. ಆಮೇಲೆ ಸಾಕಲಿಕ್ಕೆ ಅಂತ ನಿನಗೆ ಕೊಡಬೇಕು ಎನ್ನುವಷ್ಟರಲ್ಲಿ ನೋಡಿದರೆ ನೀನು ಅಡುಗೆಮನೆಯ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ. ನಿನ್ನ ಯಜಮಾನರು ಬಂದು ನಿನ್ನನ್ನು ಮಲಗಿಸಿ, ತಲೆಯ ಕೆಳಗೆ ತಮ್ಮ ಕೋಟು ಮಡಚಿಟ್ಟು, ಬರಿ ಅಂಗಿಯಲ್ಲೇ ಗಾಡಿಗೆ ಹೋದರು. ಚಿಮ್ಮನಚೋಡದ ಮಾತು ಬಿಟ್ಟುಬಿಡಿ ಎಂದು ಹೋಗುವ ಮುಂಚೆ ತಾಯಿಗೆ ಹೇಳಿದರು.

ಆಗ ಹನ್ನೊಂದು. ಈಗ ನಾಲ್ಕಾಗುತ್ತಿದೆ. ನಡುವೆ ಒಂದು ಸಲ ಅವಳನ್ನು ನಿನ್ನ ಪಕ್ಕಕ್ಕೆ ಹಿಡಿದೆ, ಕುಡಿದಳು. ನಿನಗೆ ಗೊತ್ತೇ ಆಗಲಿಲ್ಲ. ಗೂಡ್ಸ್ ಗಾಡಿಗಳು ಎಷ್ಟು ಹೋದವೋ. ಒಂದೊಂದು ಹೋದಾಗಲೂ ಪಾತ್ರೆಗಳು ಅದುರುತ್ತವೆ, ನೀನು ಅಲುಗುವುದಿಲ್ಲ. ನಿನ್ನ ಅತ್ತೆ ಬಾಗಿಲಿಗೆ ಮೂರು ಸಲ ಬಂದು ಹೋದರು. ಮೂರನೇ ಸಲ ತಡೆಯಲಾರದೆ ಕೇಳಿದರು.

"ಉಸಿರಾಡಾಕತ್ತಾಳೇನವ್ವಾ?"

"ಯಾರ್ರಿ? ಕೂಸೋ, ತಾಯಿಯೋ?"

"ಇಬ್ಬರೂ."

ಎಣಿಸಿ ಹೇಳಿದೆ. ಅವರು ಒಳಗೆ ಬಂದು ನನ್ನ ಪಕ್ಕ ಕೂತರು. ಚಹಾ ಕುಡಿಯುತ್ತೀಯಾ ಎಂದು ಕೇಳಿ, ನಾನು ಹೂಂ ಎಂದ ಮೇಲೂ ಏಳಲಿಲ್ಲ. ಇನ್ನೂ ಕೂತಿದ್ದಾರೆ.

ನಾಳೆ ಸಂಜೆಯ ಗಾಡಿಗೆ ನಾನು ಹೊರಡಬೇಕು. ಒಂದೇ ದಿನದ ನಿದ್ದೆಯಿಂದ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಕೂಸನ್ನು ನೀರೆರೆಯಲು ನಿನ್ನ ಅತ್ತೆಗೆ ಕೊಡು, ನಾನು ನಿನ್ನ ಪಕ್ಕದಲ್ಲೇ ಇರುತ್ತೇನೆ. ನಾಡಿದ್ದು ನಾನಿಲ್ಲದೆಯೂ ಕೊಡು. ಆಮೇಲೆ ವಾರಕ್ಕೊಂದು ಕಾರ್ಡು ಬರೆ. ದೀಪಾವಳಿಗೆ ಮತ್ತೆ ಬರುತ್ತೇನೆ.

ಮಾಳಮ್ಮ ಈಗಷ್ಟೇ ಕಣ್ಣು ಬಿಟ್ಟಿದ್ದಾಳೆ. ನನ್ನನ್ನು ನೋಡುತ್ತಿದ್ದಾಳೆ, ಅಳುತ್ತಿಲ್ಲ. ಮತ್ತೆ ಹಸಿದು ಅತ್ತರೆ ನಿನ್ನನ್ನು ಎಬ್ಬಿಸುತ್ತೇನೆ. ಅಲ್ಲಿಯವರೆಗೆ ಯಾರಿಗೂ ಎಬ್ಬಿಸಗೊಡುವುದಿಲ್ಲ.

ಬಷೀರಾ